ಹಕ್ಕಿ ಇದ್ದಿಲು, ಆಕಾಶ ಹಾಲು: ಬೆಳಕಿಗೆ ಎದುರಾಗಿ ಕೂತ ಪುಟ್ಟ ಹಕ್ಕಿಗಳ ಚಿತ್ರ ಕೆಟ್ಟಾಗ ಎಲ್ಲಿ ಹುಡುಕಬೇಕು

ಫೆಬ್ರುವರಿ ಬಂತೆಂದರೆ ಬೂರುಗದ ಮರ ಎಲೆಯನ್ನೆಲ್ಲ ಉದುರಿಸಿ, ಬರಿಗೊಂಬೆಗಳ ತುಂಬ ಕೆಂಪು ಹೂ ಹೊತ್ತು ನಿಲ್ಲುತ್ತದೆ. ಬೆಳಗ್ಗೆ ಅದರಡಿ ಅರ್ಧ ಗಂಟೆ ನಿಂತರೆ ಸಾಕು, ಸೂರಕ್ಕಿ, ಪಿಕಳಾರ, ಕಾಜಾಣ, ಎಲೆಹಕ್ಕಿ ಎಲ್ಲವೂ ಒಂದೇ ಮರದಲ್ಲಿ ಸಿಗುತ್ತವೆ. ಹಕ್ಕಿಯನ್ನು ಮರೆಮಾಡಲು ಅಲ್ಲಿ ಒಂದೆಲೆಯೂ ಇಲ್ಲ. ಹಕ್ಕಿಯ ಹಿಂದಿನ ಬೆಳಕನ್ನು ತಡೆಯಲೂ ಒಂದೆಲೆ ಇಲ್ಲ. ಮನೆಗೆ ಬಂದು ಚಿತ್ರಗಳನ್ನು ತೆರೆದರೆ ಹೂವಿನ ಕೆಂಪು ಕಂದಾಗಿರುತ್ತದೆ, ಹಕ್ಕಿ ಕೊಂಬೆಗೆ ಅಂಟಿದ ಇದ್ದಿಲ ಚೂರಿನಂತೆ ಕಾಣುತ್ತದೆ.

ಆಗ ಬರುವ ಮೊದಲ ಪ್ರಶ್ನೆ, ಲೆನ್ಸ್ ಕೆಟ್ಟಿದೆಯೇ ಎಂಬುದು. ಎರಡನೆಯದು, ಇನ್ನೂ ದುಬಾರಿ ಲೆನ್ಸ್ ಬೇಕೇ ಎಂಬುದು. ಬಹುಪಾಲು ಸಲ ಉತ್ತರ ‘ಇಲ್ಲ’, ‘ಬೇಡ’ ಎಂದೇ. ನಾನು ಹೇಳುವ ಕ್ರಮ ಹೀಗಿದೆ: ಮೊದಲು ನಿಂತ ಜಾಗ, ಆಮೇಲೆ ಕ್ಯಾಮೆರಾದ ಗಾಲಿ ಮತ್ತು ಗುಂಡಿಗಳು, ಅನಂತರ ಲೆನ್ಸಿನ ಗಾಜು, ಕಟ್ಟಕಡೆಗೆ ದುರಸ್ತಿ ಅಂಗಡಿ. ಕೆಳಗಿನ ಭಾಗಗಳಲ್ಲಿ ನಿಮ್ಮ ಚಿತ್ರದಲ್ಲಿ ಕಾಣುವ ಲಕ್ಷಣ ಯಾವುದೋ ಅದನ್ನು ನೇರವಾಗಿ ಓದಬಹುದು.

ಹೊರಡುವ ಮುನ್ನ ಒಂದು ಎಚ್ಚರಿಕೆ. ಡಿಎಸ್‌ಎಲ್‌ಆರ್ ಎಂಬ, ಒಳಗಿನ ಕನ್ನಡಿಯ ಮೂಲಕ ನೋಡುವ ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಿಟ್ಟು, ಟೆಲಿಫೋಟೊ ಲೆನ್ಸನ್ನು ಸೂರ್ಯನತ್ತ ಒಂದು ಕ್ಷಣವೂ ತಿರುಗಿಸಬೇಡಿ. ಲೆನ್ಸ್ ಬಿಸಿಲನ್ನು ಒಟ್ಟುಗೂಡಿಸಿ ಕಣ್ಣಿನ ಒಳಪದರಕ್ಕೆ ಬಿಡುತ್ತದೆ. ಆ ಗಾಯಕ್ಕೆ ನೋವೇ ಇರುವುದಿಲ್ಲ, ದೃಷ್ಟಿ ಹೋದ ಮೇಲೆಯೇ ತಿಳಿಯುತ್ತದೆ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಕನ್ನಡಿಯ ಬದಲು ಪುಟ್ಟ ಪರದೆಯನ್ನು ನೋಡುವುದರಿಂದ ಕಣ್ಣು ಉಳಿಯುತ್ತದೆ, ಆದರೆ ಒಳಗಿನ ಸೆನ್ಸರ್ (ಚಿತ್ರ ಮೂಡುವ ಫಲಕ) ಅಥವಾ ಶಟರ್ ಸುಟ್ಟುಹೋಗಬಹುದು. ಕ್ಯಾಮೆರಾ ಕೆಳಗಿಡುವಾಗ ಲೆನ್ಸಿಗೆ ಮುಚ್ಚಳ ಹಾಕಿ.

ಆಕಾಶ ಚೆನ್ನಾಗಿದೆ, ಹಕ್ಕಿ ಮಾತ್ರ ಕಪ್ಪು

ಎಲ್ಲಕ್ಕಿಂತ ಸಾಮಾನ್ಯವಾದ ದೂರು ಇದು. ಕಾರಣ ಅರ್ಥವಾದರೆ ಅರ್ಧ ಪರಿಹಾರ ಸಿಕ್ಕಂತೆ.

ಸೂರಕ್ಕಿಯ ಉದ್ದ ಸುಮಾರು 10 ಸೆಂಟಿಮೀಟರ್. ಅದು ನಿಮ್ಮಿಂದ 8 ಮೀಟರ್ ದೂರದಲ್ಲಿದೆ, ನಿಮ್ಮದು 400 ಮಿ.ಮೀ. ಲೆನ್ಸ್ ಎನ್ನೋಣ. ಸೆನ್ಸರ್ ಮೇಲೆ ಮೂಡುವ ಹಕ್ಕಿಯ ಉದ್ದ ಬರೀ 5 ಮಿ.ಮೀ. ಫುಲ್‌ಫ್ರೇಮ್ ಸೆನ್ಸರಿನ ಅಗಲ 36 ಮಿ.ಮೀ. ಉಳಿದ ಜಾಗವೆಲ್ಲ ಆಕಾಶ. ಕ್ಯಾಮೆರಾದ ಮೀಟರ್ ತನ್ನೆದುರಿನ ಬೆಳಕನ್ನೆಲ್ಲ ಅಳೆದು, ಒಟ್ಟು ಚಿತ್ರವನ್ನು ನಡುಬೂದು ಮಟ್ಟಕ್ಕೆ ತರಲು ನೋಡುತ್ತದೆ. ಹೊಳೆಯುವ ಆಕಾಶವನ್ನು ಬೂದುಬಣ್ಣಕ್ಕೆ ಇಳಿಸಿದಾಗ, ಮೊದಲೇ ನೆರಳಿನಲ್ಲಿದ್ದ ಹಕ್ಕಿ ಕತ್ತಲೆಗೆ ಜಾರುತ್ತದೆ. ಹೊಸ ಕ್ಯಾಮೆರಾಗಳು ಫೋಕಸ್ ಇರುವ ಜಾಗಕ್ಕೆ ಸ್ವಲ್ಪ ಹೆಚ್ಚು ತೂಕ ಕೊಡುತ್ತವೆ ನಿಜ, ಆದರೆ ಇಷ್ಟು ಸಣ್ಣ ಹಕ್ಕಿಗೆ ಆ ತೂಕ ಸಾಲುವುದಿಲ್ಲ.

ಮೊದಲ ತಪಾಸಣೆಗೆ ಖರ್ಚೂ ಇಲ್ಲ, ಸಮಯವೂ ಬೇಡ. ಕಿಂಡಿಯೊಳಗೆ ಕೆಳಭಾಗದಲ್ಲಿ ಸೊನ್ನೆಯ ಎರಡೂ ಬದಿಗೆ ಗೀಟುಗಳಿರುವ ಅಳತೆಪಟ್ಟಿಯನ್ನು ನೋಡಿ. ನಿನ್ನೆ ಸಂಜೆ ಕೊಕ್ಕರೆ ತೆಗೆಯುವಾಗ ಮೈನಸ್ ಒಂದಕ್ಕೆ ಇಳಿಸಿದ್ದು ಇವತ್ತೂ ಹಾಗೆಯೇ ಉಳಿದಿರಬಹುದು. ಎಷ್ಟೋ ಕ್ಯಾಮೆರಾಗಳು ಆರಿಸಿ ಹೊತ್ತಿಸಿದರೂ ಅದನ್ನು ಮರೆಯುವುದಿಲ್ಲ.

ಎರಡನೆಯದು ಕಾಲಿನ ಕೆಲಸ. ಇಡೀ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ: ಹಕ್ಕಿಯನ್ನು ನೋಡುವ ಮೊದಲು ಅದರ ಹಿಂದೇನಿದೆ ಎಂದು ನೋಡಿ. ನಾನು ಹೆಚ್ಚಾಗಿ ಹೋಗುವ ಕೆರೆಯ ಏರಿಯ ಮೇಲೆ ಒಂದು ವಿದ್ಯುತ್ ತಂತಿ ಹಾದುಹೋಗಿದೆ, ಅದರ ಮೇಲೆ ದಿನವೂ ಕಳ್ಳಿಪೀರಗಳು ಕೂರುತ್ತವೆ. ಏರಿಯ ಕೆಳಗಿನ ದಾರಿಯಿಂದ ನೋಡಿದರೆ ಹಕ್ಕಿಯ ಹಿಂದೆ ಬರೀ ಬಿಳಿ ಆಕಾಶ. ಮೆಟ್ಟಿಲು ಹತ್ತಿ ಏರಿಯ ಮೇಲೆ ನಿಂತರೆ ಅದೇ ಹಕ್ಕಿಯ ಹಿಂದೆ ಆಚೆ ದಡದ ಹೊಂಗೆಯ ಸಾಲು ಬರುತ್ತದೆ. ಹನ್ನೆರಡು ಮೆಟ್ಟಿಲುಗಳ ವ್ಯತ್ಯಾಸ ಅಷ್ಟೇ. ಮೇಲಿನಿಂದ ತೆಗೆದ ಚಿತ್ರದಲ್ಲಿ ಹಸಿರು ಮೈ, ಕಣ್ಣಿನ ಕಪ್ಪು ಪಟ್ಟಿ, ಬಾಲದಿಂದ ಚಾಚಿದ ಸಣ್ಣ ಕಡ್ಡಿಯಂಥ ಗರಿ ಎಲ್ಲವೂ ಬಂದವು, ಯಾವ ಗುಂಡಿಯನ್ನೂ ಒತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಒಂದು ದಪ್ಪ ಕಾಂಡವನ್ನೋ ದೂರದ ಗುಡ್ಡವನ್ನೋ ಹಕ್ಕಿಯ ಹಿಂದೆ ತರಲು ಸಾಧ್ಯವೇ ಎಂದು ಮೊದಲು ನೋಡಿ. ಹಾಗೆ ಸರಿಯುವಾಗ ಕಣ್ಣನ್ನು ಕಿಂಡಿಯಿಂದ ತೆಗೆಯಿರಿ. ಕೆರೆಯ ಏರಿ, ಕಲ್ಲುಬಂಡೆ, ಹೊಲದ ಬಾವಿ ಇರುವಲ್ಲಿ ಮೇಲೆ ನೋಡುತ್ತ ಹಿಂದಕ್ಕೆ ನಡೆದು ಬಿದ್ದವರು ಇದ್ದಾರೆ.

ಜಾಗ ಬದಲಿಸಲು ಆಗದಿದ್ದರೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್‌ಗೆ ಬನ್ನಿ. ಪ್ಲಸ್ ಮತ್ತು ಮೈನಸ್ ಗುರುತಿರುವ ಗುಂಡಿ ಅದು. ಪ್ಲಸ್ ಒಂದು ಎಂದರೆ ಬೆಳಕು ಇಮ್ಮಡಿ, ಪ್ಲಸ್ ಎರಡು ಎಂದರೆ ನಾಲ್ಕು ಪಟ್ಟು. ಬೆನ್ನ ಹಿಂದೆ ಬಿಸಿಲಿದ್ದು ಎದುರಿಗೆ ಗಾಢ ನೀಲಿ ಆಕಾಶವಿದ್ದರೆ ಸೊನ್ನೆಯಲ್ಲೋ, ಸೊನ್ನೆಗಿಂತ ಎರಡು ಗೀಟು ಮೇಲಿನಲ್ಲೋ ಕೆಲಸ ನಡೆಯುತ್ತದೆ. ಏಕೆಂದರೆ ಸೂರ್ಯನಿಂದ ದೂರದ ನೀಲಿ ಆಕಾಶ ಹೆಚ್ಚುಕಡಿಮೆ ನಡುಬೂದಿಯಷ್ಟೇ ಬೆಳಕಿನದು. ಹೊಸಬರಿಗೆ ಅಚ್ಚರಿಯಾಗುವುದು ಮೋಡದ ದಿನ. ಬಿಸಿಲಿಲ್ಲ, ಆದ್ದರಿಂದ ಬೆಳಕಿನ ತೊಂದರೆಯೂ ಇಲ್ಲ ಎಂದುಕೊಳ್ಳುತ್ತಾರೆ. ಮಲೆನಾಡಿನ ಮಳೆಗಾಲದ ಬೆಳ್ಳಗಿನ ಮೋಡವೇ ಎಲ್ಲಕ್ಕಿಂತ ಕಷ್ಟದ ಹಿನ್ನೆಲೆ. ಆಕಾಶವೇ ದೀಪವಾಗಿರುತ್ತದೆ, ಹಕ್ಕಿ ಆ ದೀಪಕ್ಕೆ ಅಡ್ಡಲಾಗಿ ಕೂತಿರುತ್ತದೆ. ಅಂಥಲ್ಲಿ ಪ್ಲಸ್ ಒಂದೂವರೆಯಿಂದ ಶುರುಮಾಡಿ, ಎರಡರವರೆಗೆ ಹೋಗಲು ಹೆದರಬೇಡಿ. ಮೊಬೈಲಿನಲ್ಲಿ ತೆಗೆಯುವವರು ಹಕ್ಕಿಯ ಮೇಲೆ ಬೆರಳೊತ್ತಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಮೇಲಕ್ಕೆ ಸರಿಸಿದರೆ ಇದೇ ಕೆಲಸವಾಗುತ್ತದೆ.

ಪ್ಲಸ್ ಎರಡಕ್ಕೆ ಹೋದರೂ ಹಕ್ಕಿ ಕಪ್ಪಾಗಿಯೇ ಇದ್ದರೆ ಅದೊಂದು ಸ್ಪಷ್ಟ ಸುಳಿವು. ಬಹುಶಃ ನಿಮ್ಮ ಕ್ಯಾಮೆರಾ ಎಲ್ಲವನ್ನೂ ನೀವೇ ಹೊಂದಿಸುವ ಎಂ (ಮ್ಯಾನುಯಲ್) ಮೋಡ್‌ನಲ್ಲಿದೆ, ಐಎಸ್‌ಒ (ಸೆನ್ಸರಿಗೆ ಬಿದ್ದ ಬೆಳಕನ್ನು ಎಷ್ಟು ಹಿಗ್ಗಿಸಬೇಕೆಂಬ ಅಂಕಿ) ಕೂಡ ನೀವೇ ಕಟ್ಟಿಹಾಕಿದ ಸಂಖ್ಯೆಯಲ್ಲಿ ನಿಂತಿದೆ. ಆ ಸ್ಥಿತಿಯಲ್ಲಿ ಕಾಂಪೆನ್ಸೇಷನ್ ತಿರುಗಿಸಿದರೆ ಅಳತೆಪಟ್ಟಿಯ ಮುಳ್ಳು ಸರಿಯುತ್ತದೆಯೇ ಹೊರತು ಚಿತ್ರ ಬದಲಾಗುವುದಿಲ್ಲ.

ಇನ್ನು ಸ್ಪಾಟ್ ಮೀಟರಿಂಗ್, ಅಂದರೆ ಚೌಕಟ್ಟಿನ ಒಂದು ಸಣ್ಣ ವೃತ್ತದ ಬೆಳಕನ್ನಷ್ಟೇ ಅಳೆಯುವುದು. ಎಲ್ಲರೂ ಮೊದಲು ಕೊಡುವ ಸಲಹೆ ಇದೇ, ಸಣ್ಣ ಹಕ್ಕಿಗಳ ವಿಷಯದಲ್ಲಿ ನನಗೆ ಇದರ ಮೇಲೆ ನಂಬಿಕೆ ಕಡಿಮೆ. ಹಲವು ಡಿಎಸ್‌ಎಲ್‌ಆರ್‌ಗಳಲ್ಲಿ ಸ್ಪಾಟ್ ಅಳೆಯುವ ವೃತ್ತದ ಅಗಲ 3.5ರಿಂದ 4 ಮಿ.ಮೀ. ಮೇಲೆ ಹೇಳಿದ ಸೂರಕ್ಕಿಯ ಉದ್ದ 5 ಮಿ.ಮೀ. ಇದ್ದರೂ ಕೊಕ್ಕು ಮತ್ತು ಬಾಲ ಬಿಟ್ಟರೆ ಮೈಯ ದಪ್ಪ ಎರಡು ಮಿ.ಮೀ. ಆಸುಪಾಸು. ಅಂದರೆ ವೃತ್ತದ ಬಹುಭಾಗಕ್ಕೆ ಮತ್ತೆ ಆಕಾಶವೇ ಬೀಳುತ್ತದೆ. ಅದರ ಮೇಲೆ, ಕೆಲವು ಕ್ಯಾಮೆರಾಗಳಲ್ಲಿ ಈ ವೃತ್ತ ಫೋಕಸ್ ಬಿಂದುವಿನ ಜೊತೆ ಸರಿಯದೆ ನಡುಮಧ್ಯದಲ್ಲೇ ನಿಂತಿರುತ್ತದೆ. ಹಕ್ಕಿ ಚೌಕಟ್ಟನ್ನು ತುಂಬುವಷ್ಟು ಹತ್ತಿರ ಇದ್ದಾಗ ಮಾತ್ರ ಸ್ಪಾಟ್ ಬಳಸಿ.

ನಾನು ಮಾಡುವುದು ಬೇರೆ. ಕಳ್ಳಿಪೀರ, ನೊಣಹಿಡುಕ, ಕಾಜಾಣ ಮುಂತಾದವು ಹಾರಿ ಹುಳು ಹಿಡಿದು ಮತ್ತೆ ಮತ್ತೆ ಅದೇ ಕೊಂಬೆಗೆ ಬರುತ್ತವೆ. ಹಕ್ಕಿ ಹಾರಿದಾಗ ಉಳಿಯುವ ಖಾಲಿ ಕೊಂಬೆಯೇ ನನ್ನ ಅಳತೆಗೋಲು. ಎಂ ಮೋಡ್‌ಗೆ ಹಾಕಿ, ಕೊಂಬೆಯ ತೊಗಟೆಯ ಬಿರುಕುಗಳು ಕಣ್ಣಿಗೆ ಕಾಣುವವರೆಗೆ ಬೆಳಕು ಹೆಚ್ಚಿಸಿ, ಅಲ್ಲಿಗೆ ನಿಲ್ಲಿಸುತ್ತೇನೆ. ಹಕ್ಕಿ ಮರಳಿದಾಗ ಏನನ್ನೂ ಮುಟ್ಟುವುದಿಲ್ಲ. ಶುರುವಿಗೆ ಒಂದು ಲೆಕ್ಕ ಬೇಕಿದ್ದರೆ: ಒಂಬತ್ತರ ನಂತರದ ನಿಚ್ಚಳ ಬಿಸಿಲು ನೇರವಾಗಿ ಹಕ್ಕಿಯ ಮೇಲೆ ಬೀಳುತ್ತಿದ್ದಾಗ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಂಡಿ) ಎಫ್/8, ಐಎಸ್‌ಒ 400, 1/1600 ಸೆಕೆಂಡ್. ಬಿಸಿಲು ಹಕ್ಕಿಯ ಬೆನ್ನ ಹಿಂದಿದ್ದರೆ ಎರಡು ಸ್ಟಾಪ್ ತೆರೆಯಿರಿ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ), ಅಂದರೆ ಎಫ್/5.6, ಐಎಸ್‌ಒ 400, 1/800 ಸೆಕೆಂಡ್.

ಸರಿಯಾಗಿದೆಯೇ ಎಂದು ನೋಡುವಾಗ ಕ್ಯಾಮೆರಾದ ಪರದೆಯ ಹೊಳಪನ್ನು ನಂಬಬೇಡಿ, ಬಿಸಿಲಿನಲ್ಲಿ ಎಲ್ಲವೂ ಕಪ್ಪಾಗಿಯೇ ಕಾಣುತ್ತದೆ. ಎಡಕ್ಕೆ ಕತ್ತಲನ್ನೂ ಬಲಕ್ಕೆ ಬೆಳಕನ್ನೂ ತೋರಿಸುವ ಹಿಸ್ಟೋಗ್ರಾಮ್ ನಕ್ಷೆ ಕೂಡ ಇಲ್ಲಿ ಪೂರ್ತಿ ನೆರವಿಗೆ ಬರುವುದಿಲ್ಲ. ಅದರಲ್ಲಿ ಬಲಕ್ಕೆ ಏಳುವ ದೊಡ್ಡ ಗುಡ್ಡ ಆಕಾಶದ್ದು, ಎಡಗಡೆ ನೆಲಕ್ಕಂಟಿದ ಸಣ್ಣ ದಿಬ್ಬ ಹಕ್ಕಿಯದು. ಆ ದಿಬ್ಬ ಎಡಗೋಡೆಗೆ ಒತ್ತಿಕೊಂಡಿದ್ದರೆ ಇನ್ನೂ ಬೆಳಕು ಬೇಕು. ಪರದೆಗೆ ಟೋಪಿಯ ನೆರಳು ಹಿಡಿದು, ಹಕ್ಕಿಯ ಮೈಯನ್ನು ಹಿಗ್ಗಿಸಿ ಗರಿಯ ಎಳೆ ಕಾಣುತ್ತದೆಯೇ ನೋಡುವುದೇ ಗಟ್ಟಿ ಪರೀಕ್ಷೆ.

ಮನೆಯಲ್ಲಿ ಬೆಳಕು ಏರಿಸಿದರೆ ಹಕ್ಕಿಯ ಮೈತುಂಬ ಮರಳು ಎರಚಿದಂತೆ

ಇದು ಮೇಲಿನ ದೋಷದ ಬಾಲ. ಕತ್ತಲಲ್ಲಿ ತೆಗೆದದ್ದನ್ನು ಕಂಪ್ಯೂಟರಿನಲ್ಲಿ ಎಳೆದಾಗ ನೆರಳಿನಲ್ಲಿ ಅಡಗಿದ್ದ ನಾಯ್ಸ್ ಹೊರಬರುತ್ತದೆ. ಸೆನ್ಸರಿನ ಮಾಹಿತಿಯನ್ನು ಹಾಗೆಯೇ ಉಳಿಸುವ ರಾ ಫೈಲ್ ಆಗಿದ್ದರೆ ಒಂದೆರಡು ಸ್ಟಾಪ್ ಎಳೆಯಬಹುದು, ಕುಗ್ಗಿಸಿದ ಜೆಪೆಗ್ ಆಗಿದ್ದರೆ ಅಷ್ಟೂ ತಾಳದು. ಐಎಸ್‌ಒ ಏರಿದರೆ ಚಿತ್ರ ಕೆಡುತ್ತದೆಂಬ ಭಯದಿಂದ 200ರಲ್ಲೇ ಉಳಿದು ಕಪ್ಪು ಚಿತ್ರ ತೆಗೆಯುವವರು ಬಹಳ. ಐಎಸ್‌ಒ 800ರಲ್ಲಿ ಸರಿಯಾದ ಬೆಳಕಿನಲ್ಲಿ ತೆಗೆದ ಹಕ್ಕಿ, 200ರಲ್ಲಿ ಕಪ್ಪಾಗಿ ತೆಗೆದು ಎಳೆದ ಹಕ್ಕಿಗಿಂತ ಕಡಿಮೆ ಮರಳು ಹೊಂದಿರುವುದುಂಟು, ಹೆಚ್ಚಂತೂ ಅಲ್ಲ.

ಹಕ್ಕಿ ಸರಿಬಂದಿದೆ, ಆಕಾಶ ಸುಣ್ಣ ಬಳಿದ ಗೋಡೆಯಾಗಿದೆ

ಇದನ್ನು ದೋಷ ಎನ್ನಲು ನನಗೆ ಮನಸ್ಸಿಲ್ಲ. ನೆರಳಿನ ಹಕ್ಕಿಗೂ ಹೊಳೆಯುವ ಮೋಡಕ್ಕೂ ನಡುವಿನ ಅಂತರವನ್ನು ಒಂದೇ ಚಿತ್ರದಲ್ಲಿ ಹಿಡಿಯಲು ಸೆನ್ಸರಿಗೆ ಆಗದಿದ್ದಾಗ ಯಾವುದಾದರೊಂದನ್ನು ಬಿಡಬೇಕು. ಹಕ್ಕಿಯನ್ನು ಉಳಿಸಿಕೊಳ್ಳಿ. ಪೂರ್ತಿ ಬಿಳಿ ಹಿನ್ನೆಲೆಯಲ್ಲಿ ಒಂದು ತೆಳು ರೆಂಬೆ, ಅದರ ತುದಿಗೊಂದು ಟುವ್ವಿಹಕ್ಕಿ ಎಂದರೆ ಅದು ಕಾಗದದ ಮೇಲೆ ಬರೆದ ಚಿತ್ರದಂತೆ ಚೆಂದ.

ಆದರೆ ಬಿಳುಪು ಹಕ್ಕಿಯ ಅಂಚನ್ನು ತಿನ್ನುತ್ತಿದ್ದರೆ, ತಲೆಯ ಮೇಲಿನ ಸಣ್ಣ ಗರಿಗಳು ಆಕಾಶದಲ್ಲಿ ಕರಗುತ್ತಿದ್ದರೆ, ನೀವು ದಾಟಿ ಹೋಗಿದ್ದೀರಿ. ಅರ್ಧ ಸ್ಟಾಪ್ ಇಳಿಸಿ. ಮಡಿವಾಳ ಹಕ್ಕಿಯಂತೆ ಕಪ್ಪುಬಿಳುಪು ಎರಡೂ ಇರುವ ಹಕ್ಕಿಗಳಲ್ಲಿ ಬಿಳಿಯ ಭಾಗಕ್ಕೆ ಲೆಕ್ಕ ಕೊಡಿ. ಕಪ್ಪನ್ನು ಆಮೇಲೆ ಸ್ವಲ್ಪ ಎತ್ತಬಹುದು, ಸುಟ್ಟ ಬಿಳುಪನ್ನು ಮರಳಿ ತರಲಾಗದು. ಪರದೆಯಲ್ಲಿ ಸುಟ್ಟ ಭಾಗ ಮಿಣುಕುವ ಎಚ್ಚರಿಕೆಯನ್ನು ಹಾಕಿಟ್ಟುಕೊಂಡರೆ ಇದು ಸ್ಥಳದಲ್ಲೇ ತಿಳಿಯುತ್ತದೆ: ಆಕಾಶ ಮಿಣುಕಲಿ, ಹಕ್ಕಿಯ ಎದೆ ಮಿಣುಕಬಾರದು.

ಸೂರ್ಯೋದಯದ ಬಣ್ಣವೇ ಬೇಕೆಂದಾದರೆ ಹಕ್ಕಿಯನ್ನು ಬೇಕೆಂದೇ ಕಪ್ಪಾಗಿಸಿ, ಮೈನಸ್ ಒಂದಕ್ಕೆ ಹೋಗಿ. ಅದಕ್ಕೆ ಆಕಾರದಲ್ಲೇ ಗುರುತು ಸಿಗುವ ಹಕ್ಕಿ ಬೇಕು. ಬಾಲದ ತುದಿಗೆ ಎರಡು ಗರಿಬಿಲ್ಲೆ ತೂಗಿಕೊಂಡ ಭೀಮರಾಜ, ಕೊಕ್ಕಿನಲ್ಲಿ ದುಂಬಿ ಕಚ್ಚಿದ ಕಳ್ಳಿಪೀರ ಒಪ್ಪುತ್ತವೆ. ದುಂಡಗೆ ಮುದುರಿ ಕೂತ ಮುನಿಯ ಒಪ್ಪುವುದಿಲ್ಲ.

ಫ್ಲ್ಯಾಷ್ ಹಾಕಿ ಎರಡನ್ನೂ ಸರಿದೂಗಿಸಬಹುದೆಂದು ಹೇಳುವವರಿದ್ದಾರೆ. ತಂತ್ರದ ಮಟ್ಟಿಗೆ ಅದು ನಿಜ. ಸಾಮಾನ್ಯ ಫ್ಲ್ಯಾಷ್ 1/200 ಅಥವಾ 1/250 ಸೆಕೆಂಡಿಗಿಂತ ವೇಗದಲ್ಲಿ ಜೊತೆಗೂಡುವುದಿಲ್ಲವಾದ್ದರಿಂದ ಹೈಸ್ಪೀಡ್ ಸಿಂಕ್ ಬೇಕಾಗುತ್ತದೆ, ಬೆಳಕನ್ನು ದೂರ ಒಯ್ಯಲು ಮುಂದೆ ಭೂತಗಾಜಿನಂಥ ಹಾಳೆ ಬೇಕಾಗುತ್ತದೆ. ಆ ಹಾಳೆಯ ಮೂಲಕ ಬಿಸಿಲು ಬಿದ್ದರೆ ಫ್ಲ್ಯಾಷಿನ ಮುಖವೇ ಕರಗುತ್ತದೆ. ನಾನಂತೂ ಸಣ್ಣ ಹಕ್ಕಿಗಳ ಮೇಲೆ ಫ್ಲ್ಯಾಷ್ ಬಿಡುವುದಿಲ್ಲ.

ಒಂದು ಚಿತ್ರ ಸರಿ, ಮುಂದಿನದು ಕಪ್ಪು, ಅದರ ಮುಂದಿನದು ಬಿಳಿ

ಹಕ್ಕಿ ಎಲೆಯ ಗೊಂಚಲಿನಿಂದ ಬಯಲಿಗೆ, ಬಯಲಿನಿಂದ ಗೊಂಚಲಿಗೆ ಹಾರುತ್ತಿದೆ. ಅದರ ಮೇಲೆ ಬೀಳುವ ಬೆಳಕು ಬದಲಾಗಿಲ್ಲ, ಹಿನ್ನೆಲೆ ಮಾತ್ರ ಬದಲಾಗಿದೆ, ಮೀಟರ್ ಅದನ್ನು ಹಿಂಬಾಲಿಸುತ್ತಿದೆ. ಪೂರ್ತಿ ಮ್ಯಾನುಯಲ್ ಒಂದೇ ಮದ್ದು. ಎಂ ಮೋಡ್‌ನಲ್ಲಿದ್ದೂ ಹೀಗಾಗುತ್ತಿದೆ ಎನ್ನುವವರು ಆಟೊ ಐಎಸ್‌ಒ ಚಾಲೂ ಇದೆಯೇ ನೋಡಿ. ಅದು ಇದ್ದರೆ ಎಂ ಮೋಡ್ ಹೆಸರಿಗಷ್ಟೇ ಮ್ಯಾನುಯಲ್.

ಹೊಟ್ಟೆಯ ಹಳದಿ ಬಂದಿದೆ, ಕುತ್ತಿಗೆ ಮಾತ್ರ ಕಪ್ಪು

ಸೂರಕ್ಕಿ ತೆಗೆಯುವವರು ಈ ಭಾಗವನ್ನು ನಿಧಾನವಾಗಿ ಓದಬೇಕು. ಗಂಡು ಸೂರಕ್ಕಿಯ ಹೊಟ್ಟೆಯ ಹಳದಿ ಗರಿಯೊಳಗಿನ ವರ್ಣದ್ರವ್ಯದ್ದು, ಯಾವ ಕಡೆಯಿಂದ ನೋಡಿದರೂ ಹಳದಿಯೇ. ನೆತ್ತಿಯ ಹಸಿರು, ಗಂಟಲಿನ ನೇರಳೆ ಹಾಗಲ್ಲ. ಗರಿಯ ಸೂಕ್ಷ್ಮ ಪದರಗಳಲ್ಲಿ ಬೆಳಕು ಚಿಮ್ಮಿ ಹುಟ್ಟುವ ಬಣ್ಣ ಅದು. ಸೋಪಿನ ಗುಳ್ಳೆಯ ಮೇಲೆ ಬಣ್ಣ ಆಡುವಂತೆ ಇದೂ ಕೋನ ತಪ್ಪಿದರೆ ಮಾಯ. ಆಗ ಉಳಿಯುವುದು ಕಪ್ಪು.

ಆದ್ದರಿಂದ ಹಳದಿ ಸರಿಯಾಗಿ ಬಂದು ಗಂಟಲು ಕಪ್ಪಾಗಿದ್ದರೆ ಎಕ್ಸ್‌ಪೋಷರ್ ಸರಿಯೇ ಇದೆ. ಅದನ್ನು ಇನ್ನೂ ಏರಿಸಿದರೆ ಹಳದಿ ಸುಡುತ್ತದೆ, ಗಂಟಲು ಕಪ್ಪಾಗಿಯೇ ಉಳಿಯುತ್ತದೆ. ಸೂರ್ಯ ನಿಮ್ಮ ಬೆನ್ನ ಹಿಂದಿರುವಂತೆ ಮರವನ್ನು ಸುತ್ತಿ ಬನ್ನಿ, ಹಕ್ಕಿ ಹೂವಿನೊಳಗೆ ಕೊಕ್ಕು ಇಳಿಸಿ ಮೇಲೆತ್ತುವಾಗ ಸಾಲಾಗಿ ಹತ್ತು ಹದಿನೈದು ಚಿತ್ರ ತೆಗೆಯಿರಿ. ಆ ಒಂದು ಸೆಕೆಂಡಿನಲ್ಲಿ ತಲೆ ತಿರುಗಿದಂತೆ ಗಂಟಲು ಕಪ್ಪಿನಿಂದ ನೇರಳೆಗೆ, ನೇರಳೆಯಿಂದ ಮತ್ತೆ ಕಪ್ಪಿಗೆ ಹೋಗುವುದು ಚಿತ್ರಗಳಲ್ಲಿ ಒಂದರ ಪಕ್ಕ ಒಂದು ಕಾಣುತ್ತದೆ.

ಚಿತ್ರವೆಲ್ಲ ಹಾಲು ಚೆಲ್ಲಿದಂತೆ ಮಬ್ಬು

ಹಕ್ಕಿಯ ಕಪ್ಪು ಕೂಡ ಬೂದಿಯಾಗಿ ಕಂಡರೆ ಲೆನ್ಸಿನೊಳಗೆ ಬೇಡದ ಬೆಳಕು ನುಗ್ಗಿದೆ. ಲೆನ್ಸಿನ ಮುಂದೆ ನೆರಳು ಕೊಡುವ ಹುಡ್ ಹಾಕಿದ್ದೀರೇ? ಲೆನ್ಸಿನ ಮುಂದೆ ತಿರುಗಿಸಿ ಹಾಕಿದ ಅಗ್ಗದ ಯುವಿ ಫಿಲ್ಟರ್ ಇದೆಯೇ? ಅದನ್ನು ತೆಗೆದು ಅದೇ ಚಿತ್ರವನ್ನು ಮತ್ತೊಮ್ಮೆ ತೆಗೆದರೆ ಉತ್ತರ ಅಲ್ಲೇ ಸಿಗುತ್ತದೆ. ಎ.ಸಿ. ಕಾರಿನಿಂದ ಇಳಿದ ತಕ್ಷಣ ಹೀಗಾದರೆ ಗಾಜಿನ ಮೇಲೆ ಹನಿಗಟ್ಟಿದೆ. ಉಜ್ಜಬೇಡಿ, ಕ್ಯಾಮೆರಾವನ್ನು ಚೀಲದಲ್ಲೇ ಇಟ್ಟು ಹೊರಗಿನ ಶಾಖಕ್ಕೆ ಹೊಂದಿಕೊಳ್ಳಲು ಕಾಲು ಗಂಟೆ ಬಿಡಿ.

ಇವಾವುದೂ ಅಲ್ಲವೆಂದಾದರೆ ಕತ್ತಲ ಕೋಣೆಯಲ್ಲಿ ಲೆನ್ಸನ್ನು ಕ್ಯಾಮೆರಾದಿಂದ ಬಿಡಿಸಿ, ಒಂದು ತುದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ಓರೆಯಾಗಿ ನೋಡಿ. ಒಂದೆರಡು ಧೂಳಿನ ಕಣಗಳಿಂದ ಏನೂ ಆಗದು. ಜೇಡರ ಬಲೆಯಂತೆ ಕವಲೊಡೆದ ಬಿಳಿ ಎಳೆಗಳು ಕಂಡರೆ ಅದು ಬೂಷ್ಟು. ಕರಾವಳಿ, ಮಲೆನಾಡು, ಕೊಡಗಿನ ಮಳೆಗಾಲದಲ್ಲಿ ಬೀರುವಿನಲ್ಲಿಟ್ಟ ಲೆನ್ಸುಗಳಿಗೆ ಇದು ಹಿಡಿಯುತ್ತದೆ. ಇಲ್ಲಿಗೆ ನಿಲ್ಲಿಸಿ. ಮನೆಯಲ್ಲಿ ಲೆನ್ಸ್ ಬಿಚ್ಚಲು ಹೋಗಬೇಡಿ, ಬಿಚ್ಚಿದ ಗಾಜುಗಳನ್ನು ಮತ್ತೆ ಸರಿಯಾಗಿ ಕೂರಿಸುವುದು ಉಪಕರಣವಿದ್ದವರ ಕೆಲಸ. ಬೂಷ್ಟು ಹಿಡಿದ ಲೆನ್ಸನ್ನು ಉಳಿದವುಗಳಿಂದ ಬೇರೆ ಇಡಿ, ಗಾಜಿನ ಲೇಪವನ್ನು ತಿನ್ನುವ ಮುನ್ನ ಸರ್ವಿಸ್‌ಗೆ ಕೊಡಿ.

ಕೊಂಬೆಯ ಅಂಚಿಗೆ ನೇರಳೆ ಗೆರೆ

ಕಪ್ಪು ರೆಂಬೆ ಬಿಳಿ ಆಕಾಶವನ್ನು ಮುಟ್ಟುವಲ್ಲಿ ನೇರಳೆ ಅಥವಾ ಹಸಿರು ಅಂಚು ಮೂಡುವುದು ಲೆನ್ಸಿನ ಗುಣ, ಕೆಟ್ಟಿದೆಯೆಂದಲ್ಲ. ಅಪರ್ಚರ್ ಒಂದು ಸ್ಟಾಪ್ ಕಿರಿದು ಮಾಡಿ. ಉಳಿದದ್ದನ್ನು ಸಂಪಾದನೆಯ ತಂತ್ರಾಂಶಗಳು ಒಂದೇ ಗುಂಡಿಯಲ್ಲಿ ತೆಗೆಯುತ್ತವೆ.

ಫೋಕಸ್ ಕೊಂಬೆಗೆ ಹೋಗುತ್ತದೆ, ಇಲ್ಲವೇ ಮುಂದಕ್ಕೂ ಹಿಂದಕ್ಕೂ ಅಲೆಯುತ್ತದೆ

ಆಟೊಫೋಕಸ್‌ಗೆ ಕಪ್ಪುಬಿಳುಪಿನ ವ್ಯತ್ಯಾಸವೇ ಆಹಾರ. ಬೋಳು ಆಕಾಶದಲ್ಲಿ ಅದಿಲ್ಲ, ಬೋಳು ರೆಂಬೆಯ ಅಂಚಿನಲ್ಲಿ ಬೇಕಾದಷ್ಟಿದೆ. ಎಲ್ಲ ಬಿಂದುಗಳನ್ನೂ ತೆರೆದಿಟ್ಟಿದ್ದರೆ ಅದು ರೆಂಬೆಯನ್ನೇ ಆರಿಸುತ್ತದೆ. ಒಂದೇ ಬಿಂದು ಇಟ್ಟುಕೊಂಡು ಅದನ್ನು ಹಕ್ಕಿಯ ಕಣ್ಣಿಗೆ ಹಿಡಿಯಿರಿ, ಕಣ್ಣು ಸಿಗದಿದ್ದರೆ ಎದೆಯೂ ರೆಕ್ಕೆಯೂ ಕೂಡುವ ಗೆರೆಗೆ ಇಡಿ. ಲೆನ್ಸಿನ ಪಕ್ಕದ ಫೋಕಸ್ ಮಿತಿಯ ಗುಂಡಿಯನ್ನೂ ನೋಡಿ, ಅದು ದೂರಕ್ಕೆ ಕಟ್ಟಿಹಾಕಿದ್ದರೆ ಹತ್ತಿರದ ಹಕ್ಕಿಗೆ ಲೆನ್ಸ್ ತಲುಪುವುದೇ ಇಲ್ಲ. ಮಿರರ್‌ಲೆಸ್‌ನಲ್ಲಿ ಹಕ್ಕಿಯ ಕಣ್ಣು ಹುಡುಕುವ ಸೌಲಭ್ಯ ಕೈಕೊಟ್ಟರೆ ಮೊದಲು ಬೆಳಕು ಏರಿಸಿ. ಇದ್ದಿಲಾದ ಮುಖದಲ್ಲಿ ಕ್ಯಾಮೆರಾಗೂ ಕಣ್ಣು ಕಾಣುವುದಿಲ್ಲ. ಚಿತ್ರವನ್ನು ಇಮ್ಮಡಿ ಹಿಗ್ಗಿಸುವ 2x ಟೆಲಿಕನ್ವರ್ಟರ್ ಹಾಕಿದ್ದರೆ ಎರಡು ಸ್ಟಾಪ್ ಬೆಳಕು ಹೋಗಿರುತ್ತದೆ, ತೆಗೆದು ನೋಡಿ.

ಹತ್ತಿರ ಹೋದರೆ ಫೋಕಸ್ ಸರಿಹೋಗುತ್ತದೆಂದು ಹಕ್ಕಿಯನ್ನು ಒತ್ತಬೇಡಿ. ಹಕ್ಕಿ ಬಾಯಲ್ಲಿ ಹುಳು ಹಿಡಿದು, ನುಂಗದೆ, ಒಂದೇ ಸಮನೆ ಕೂಗುತ್ತಿದ್ದರೆ ಗೂಡು ಅಲ್ಲೇ ಎಲ್ಲೋ ಇದೆ, ನಿಮ್ಮಿಂದಾಗಿ ಅದು ಮರಿಯ ಬಳಿಗೆ ಹೋಗುತ್ತಿಲ್ಲ. ಕ್ಯಾಮೆರಾ ಇಳಿಸಿ ಹಿಂದೆ ಬನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಗೂಡು ಮತ್ತು ಮೊಟ್ಟೆಗಳಿಗೆ ತೊಂದರೆ ಕೊಡುವುದನ್ನು ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಬೆಳಕು ಚೆನ್ನಾಗಿ ಬೀಳಲೆಂದು ಗೂಡಿನ ಮುಂದಿನ ಎಲೆ ಕೀಳುವುದು ಕಾಗೆಗೂ ಕೆಂಬೂತಕ್ಕೂ ದಾರಿ ತೋರಿಸಿದಂತೆ.

ಫೋಕಸ್ ಸರಿ, ಆದರೂ ಗರಿಗಳು ಮೆತ್ತಗೆ

ಕೊಂಬೆಯೂ ಮಸುಕಾಗಿದ್ದರೆ ಕೈ ಅಲುಗಿದೆ. ಕೊಂಬೆ ಚುರುಕಾಗಿದ್ದು ಹಕ್ಕಿ ಮಾತ್ರ ಮಸುಕಾಗಿದ್ದರೆ ಹಕ್ಕಿ ಅಲುಗಿದೆ. ಎರಡಕ್ಕೂ ಶಟರ್ ವೇಗವನ್ನು 1/1000ಕ್ಕಿಂತ ಮೇಲೆ ಒಯ್ಯಿರಿ. ಪ್ಲಸ್ ಎರಡು ಹಾಕಿದಾಗ, ಅಪರ್ಚರನ್ನು ನೀವು ಹಾಕಿ ಶಟರನ್ನು ಕ್ಯಾಮೆರಾಗೆ ಬಿಡುವ ಅಪರ್ಚರ್ ಮೋಡ್‌ನಲ್ಲಿ ಕ್ಯಾಮೆರಾ ಶಟರನ್ನು ನಾಲ್ಕನೇ ಒಂದಕ್ಕೆ ಇಳಿಸಿರುತ್ತದೆ, ಅದನ್ನು ಐಎಸ್‌ಒ ಏರಿಸಿ ತುಂಬಿಸಿ. ಎರಡೂ ಸರಿಯಿದ್ದು ಹತ್ತು ಚಿತ್ರಗಳಲ್ಲಿ ಒಂದೊಂದರಲ್ಲೂ ಮಸುಕು ಬೇರೆ ಬೇರೆ ಥರ ಇದ್ದರೆ ಅದು ಕಾದ ಗಾಳಿ. ಡಾಂಬರು ರಸ್ತೆ, ಬಂಡೆ, ಕಟಾವಾದ ಗದ್ದೆಯ ಮೇಲಿನಿಂದ ಹತ್ತು ಗಂಟೆಯ ನಂತರ ತೆಗೆದರೆ ಎಂಥ ಲೆನ್ಸೂ ಸೋಲುತ್ತದೆ. ಮನೆಗೆ ಹೋಗಿ ನಾಳೆ ಬೇಗ ಬನ್ನಿ.

ಆಕಾಶದಲ್ಲಿ ಕಪ್ಪು ಚುಕ್ಕೆಗಳು

ಎಲೆಗಳ ಹಿನ್ನೆಲೆಯಲ್ಲಿ ಕಾಣದ ಚುಕ್ಕೆ ಆಕಾಶದಲ್ಲಿ ಎದ್ದು ಕಾಣುತ್ತದೆ. ಎಲ್ಲ ಚಿತ್ರಗಳಲ್ಲೂ ಒಂದೇ ಜಾಗದಲ್ಲಿದ್ದರೆ ಸೆನ್ಸರ್ ಮೇಲೆ ಧೂಳಿದೆ. ಜಾಗ ಬದಲಾಗುತ್ತಿದ್ದರೆ ಅದು ದೂರದಲ್ಲಿ ಹಾರುತ್ತಿರುವ ಕವಲುತೋಕೆಯೋ ಹುಳುವೋ ಇರಬಹುದು. ಖಚಿತಪಡಿಸಿಕೊಳ್ಳಲು ಎಫ್/16ಕ್ಕೆ ಇಳಿಸಿ, ಫೋಕಸ್ ಕೆಡಿಸಿ, ಸೂರ್ಯನಿಲ್ಲದ ಕಡೆಯ ಆಕಾಶವನ್ನು ಒಮ್ಮೆ ತೆಗೆಯಿರಿ.

ಮೊದಲು ಮೆನುವಿನಲ್ಲಿರುವ ಸೆನ್ಸರ್ ಸ್ವಚ್ಛತೆಯನ್ನು ಎರಡು ಸಲ ನಡೆಸಿ. ಹೋಗದಿದ್ದರೆ, ಬ್ಯಾಟರಿ ತುಂಬಿರುವಾಗ, ಲೆನ್ಸ್ ಬಿಡಿಸಿ (ಡಿಎಸ್‌ಎಲ್‌ಆರ್ ಆದರೆ ಮೆನುವಿನಿಂದ ಕನ್ನಡಿ ಎತ್ತಿಸಿ), ಕೈಯಲ್ಲಿ ಒತ್ತುವ ರಬ್ಬರಿನ ಬ್ಲೋವರ್‌ನಿಂದ ಕ್ಯಾಮೆರಾದ ಬಾಯಿಯನ್ನು ಕೆಳಮುಖ ಹಿಡಿದು ಗಾಳಿ ಊದಿ. ಬಾಯಿಂದ ಊದಿದರೆ ಎಂಜಲಿನ ಹನಿ ಬೀಳುತ್ತದೆ, ಡಬ್ಬಿಯ ಒತ್ತಡದ ಗಾಳಿ ದ್ರವವನ್ನು ಉಗುಳುತ್ತದೆ, ಬಟ್ಟೆಯ ತುದಿ ಗೀರುತ್ತದೆ. ಮೂರನ್ನೂ ಮಾಡಬೇಡಿ. ಆಮೇಲೂ ಚುಕ್ಕೆ ಉಳಿದರೆ ಅದು ಅಂಟಿಕೊಂಡ ಕಲೆ, ಸರ್ವಿಸ್ ಕೇಂದ್ರಕ್ಕೆ ಕೊಡಿ. ಕೊಡುವಾಗ ಎಫ್/16ರಲ್ಲಿ ತೆಗೆದ ಆ ಬೋಳು ಆಕಾಶದ ಚಿತ್ರವನ್ನೂ ಜೊತೆಗೆ ಕೊಟ್ಟು, ಕೆಲಸ ಮುಗಿದ ಮೇಲೆ ಅವರೆದುರೇ ಇನ್ನೊಂದು ತೆಗೆದು ಎರಡನ್ನೂ ಹೋಲಿಸಿ ನೋಡಿ.